ಅಮೃತಾ ಶೇರ್‌ಗಿಲ್ ಎಂದರೆ ಬರೀ ಪ್ರೇಮಿಗಳ ಪಟ್ಟಿಯೇ?

ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಶರಣು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಹೆಸರು ತೆಗೆದರೆ ಸಾಕು, ಪ್ರೇಮಿಗಳ ಪಟ್ಟಿ ಶುರುವಾಗುತ್ತದೆ. ನೆಹರೂ ಜೊತೆ ಏನಿತ್ತು, ಪ್ಯಾರಿಸ್ಸಿನ ಗೆಳತಿ ಜೊತೆ ಏನಿತ್ತು, ಗಂಡನೇ ಸಾಯಿಸಿದನಾ? ನಮ್ಮ ಭಾಗದಲ್ಲಿ ಚಿತ್ರಕಲೆ ಕಲಿಯುವ ಮಕ್ಕಳೂ ಮೊದಲು ಕೇಳುವುದು ಇದನ್ನೇ. ಚಿತ್ರದ ಬಗ್ಗೆ ಪ್ರಶ್ನೆ ಬರುವ ಹೊತ್ತಿಗೆ ಪೀರಿಯಡ್ ಮುಗಿದಿರುತ್ತದೆ.

ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 30 ಜನವರಿ 1913, ಬುಡಾಪೆಸ್ಟ್‌ನಲ್ಲಿ. ತಂದೆ ಉಮ್ರಾವ್ ಸಿಂಗ್, ಸಂಸ್ಕೃತ-ಫಾರಸಿ ಬಲ್ಲ ಸಿಖ್ ಸರದಾರರು, ಫೋಟೋ ತೆಗೆಯುವ ಹುಚ್ಚಿದ್ದವರು. ತಾಯಿ ಮೇರಿ ಆಂಟೊನೆಟ್, ಹಂಗೇರಿಯ ಗಾಯಕಿ. 1921ರಲ್ಲಿ ಕುಟುಂಬ ಶಿಮ್ಲಾಕ್ಕೆ ಬಂತು. 1929ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಚಿತ್ರಕಲೆ ಕಲಿತರು. 1934ರ ಕೊನೆಗೆ ಭಾರತಕ್ಕೆ ಮರಳಿದರು. 1938ರಲ್ಲಿ ತಾಯಿಯ ಕಡೆಯ ನೆಂಟ, ಡಾಕ್ಟರ್ ವಿಕ್ಟರ್ ಈಗಾನ್‌ನನ್ನು ಮದುವೆಯಾದರು. 1941ರ ಡಿಸೆಂಬರ್ 5ರ ರಾತ್ರಿ ಲಾಹೋರಿನಲ್ಲಿ ತೀರಿಕೊಂಡರು. ವಯಸ್ಸು 28.

ಆ ಪ್ರೇಮಗಳನ್ನು ಮುಚ್ಚಿಡಬೇಕು ಅನ್ನುವವಳು ನಾನಲ್ಲ. ಮುಚ್ಚಿಡುವ ಕೆಲಸ ಅವರ ಮನೆಯಲ್ಲೇ ನಡೆದುಹೋಗಿದೆ. ಮದುವೆಗೆಂದು ಮಗಳು ಹಂಗೇರಿಗೆ ಹೋಗಿದ್ದಾಗ ತಂದೆ-ತಾಯಿ ಆಕೆ ಕೂಡಿಟ್ಟಿದ್ದ ಪತ್ರಗಳನ್ನು ತೆಗೆದು ಸುಟ್ಟುಹಾಕಿದರು. ಅದರಲ್ಲಿ ನೆಹರೂ ಬರೆದ ಪತ್ರಗಳೂ ಇದ್ದವು. ಸುದ್ದಿ ತಿಳಿದು ಆಕೆ ತಂದೆಗೆ ಬರೆದ ಕಾಗದ ಓದಿದರೆ ಹೊಟ್ಟೆ ಕಲಸುತ್ತದೆ. ಮುದುಕಿಯಾದ ಮೇಲೆ ಹಳೆಯ ಪ್ರೇಮಪತ್ರ ಓದಿಕೊಂಡು ಕೂಡುವ ಸಂತೋಷವೂ ತನಗಿಲ್ಲದಂತಾಯಿತು ಎಂಬರ್ಥದಲ್ಲಿ ಬರೆಯುತ್ತಾರೆ. ಮುದುಕಿಯಾಗುವವರೆಗೂ ಆಕೆ ಉಳಿಯಲಿಲ್ಲ.

ನನಗೆ ಅನ್ನಿಸುವುದು ಇಷ್ಟು: ಆ ಬದುಕಿನ ನೋವನ್ನು ಪ್ರೇಮಿಗಳ ಎಣಿಕೆಯಲ್ಲಿ ಹುಡುಕಬಾರದು. ಯಾರನ್ನು ಪ್ರೀತಿಸಬೇಕು, ಯಾವ ಪತ್ರ ಉಳಿಯಬೇಕು ಎಂಬುದನ್ನು ಮೊದಲು ಮನೆಯವರು, ಆಮೇಲೆ ಊರವರು, ಈಗ ನಾವು, ಆಕೆಯ ಕೈಯಿಂದ ಕಿತ್ತುಕೊಂಡೆವಲ್ಲ, ಅಲ್ಲಿದೆ ಅದು. ನಿಮಗೇನನ್ನಿಸುತ್ತದೆ?

ನಿವೃತ್ತ ಮಾಸ್ತರ, ಶಹಾಪುರ

ಶರಣ್ರೀ ಮೇಡಮ್ಮೋರೆ. ನಿಮ್ಮ ಮಾತು ಓದೀನಿ. ಸಿಟ್ಟಾಗಬ್ಯಾಡ್ರಿ, ಮನಸಿನ್ಯಾಗ ಇದ್ದದ್ದು ಹೇಳ್ತೀನಿ. ಚಿತ್ರ ಛಂದ ಅವ, ಒಪ್ಪೇನಿ. ಆದ್ರ ನಮ್ಮ ಯಾದಗಿರಿ ಕಡಿ ಹಳ್ಳಿಯೊಳಗ ಒಂದು ಹುಡುಗಿಗೆ ಚಿತ್ರ ಕಲೀಲಿಕ್ಕೆ ಕಲಬುರಗಿಗೆ ಕಳಸ್ರಿ ಅಂತ ತಂದಿಗೆ ಒಪ್ಪಿಸೋದರಾಗ ಸಾಕುಬೇಕಾಗ್ತದ. ಆ ತಂದಿ ಒಂದಿನ ಮೊಬೈಲ್ನ್ಯಾಗ ಈ ಕಥಿ ಓದಿದ ಅಂದ್ರ, ಚಿತ್ರಾ ಕಲತವರು ಹಿಂಗ ಆಗ್ತಾರ ಅಂತ ಮಗಳ ಟಿ.ಸಿ. ತಗೊಂಡು ಹೋಗ್ತಾನ. ಹಂಗಾಗಿ ಖಾಸಗಿ ಬಾಳ್ವಿ ಬಿಟ್ಟು ಬರೇ ಚಿತ್ರದ ಬಗ್ಗೆ ಹೇಳಿದ್ರ ಏನ್ ಲುಕ್ಸಾನದ?

ದೃಶ್ಯಕಲೆ ವಿದ್ಯಾರ್ಥಿನಿ

ಮಾಸ್ತರೇ, ನಾನು ಆ ಥರದ ಮನೆಯಿಂದಲೇ ಬಂದವಳು. ನಮ್ಮಪ್ಪನಿಗೂ ಇದೇ ಭಯ ಇತ್ತು. ಆದರೆ ಖಾಸಗಿ ಬದುಕು ಬಿಟ್ಟು ಚಿತ್ರ ಹೇಳಿ ಅಂದರೆ ಕೆಲವು ಚಿತ್ರಗಳಿಗೆ ಬಾಯೇ ಇಲ್ಲದಂತಾಗುತ್ತದೆ.

1932ರ ‘ಯಂಗ್ ಗರ್ಲ್ಸ್’ ತೆಗೆದುಕೊಳ್ಳಿ. ಎರಡು ಹುಡುಗಿಯರು ಎದುರುಬದುರು ಕೂತಿದ್ದಾರೆ. ಒಬ್ಬಳು ಅಮೃತಾರ ತಂಗಿ ಇಂದಿರಾ, ನೆಟ್ಟಗೆ, ಬಟ್ಟೆ ಸರಿಯಾಗಿ ತೊಟ್ಟು ಕೂತವಳು. ಇನ್ನೊಬ್ಬಳು ಗೆಳತಿ ಡೆನಿಸ್, ಬಿಚ್ಚಿದ ಹೊಂಬಣ್ಣದ ಕೂದಲು ಮುಖಕ್ಕೆ ಬಿದ್ದಿದೆ, ಬಟ್ಟೆ ಸಡಿಲಾಗಿದೆ. ಆ ಇಬ್ಬರೂ ಅಮೃತಾರದೇ ಎರಡು ಮುಖ ಅಂತ ಓದುವವರಿದ್ದಾರೆ. ನನಗೂ ಹಾಗೇ ಕಾಣುತ್ತದೆ. ಯಾಕೆಂದರೆ ಅದಕ್ಕೆ ಹಿಂದಿನ ವರ್ಷವೇ, 1931ರಲ್ಲಿ, ಯೂಸುಫ್ ಅಲಿ ಖಾನ್ ಎಂಬ ಶ್ರೀಮಂತ ಮನೆತನದ ಹುಡುಗನ ಜೊತೆ ಅವರ ನಿಶ್ಚಿತಾರ್ಥ ಆಗಿತ್ತು. ತಾಯಿಗೆ ಆ ಸಂಬಂಧ ಬೇಕಿತ್ತು. ಮಗಳಿಗೆ ಆತನ ನಡತೆ ಹಿಡಿಸಲಿಲ್ಲ, ಸಂಬಂಧ ಮುರಿದುಬಿತ್ತು. ಹದಿನೆಂಟರ ಹುಡುಗಿ. ನೆಟ್ಟಗೆ ಕೂತ ಮಗಳು ಮನೆಗೆ ಬೇಕು, ಕೂದಲು ಬಿಚ್ಚಿದವಳು ಒಳಗೇ ಇದ್ದಾಳೆ. 1933ರಲ್ಲಿ ಪ್ಯಾರಿಸ್ಸಿನ ಗ್ರ್ಯಾಂಡ್ ಸಲೋನ್‌ನಲ್ಲಿ ಚಿನ್ನದ ಪದಕ ಪಡೆದದ್ದು ಇದೇ ಚಿತ್ರ.

ಇದನ್ನೆಲ್ಲ ಬಿಟ್ಟು ಬೆಳಕು-ನೆರಳು, ಸಂಯೋಜನೆ ಅಂತಷ್ಟೇ ಹೇಳಿದರೆ ಪರೀಕ್ಷೆಗೆ ಸಾಕಾಗಬಹುದು, ನನಗೆ ಸಾಕಾಗಲಿಲ್ಲ.

ಪೇಂಟರ್, ಬ್ರಹ್ಮಪುರ

ನಾ ಓದಿದಾವ ಅಲ್ಲ, ಬೋರ್ಡ್ ಬರದು ಹೊಟ್ಟಿ ತುಂಬಿಸಿಕೊಂಡಾವ. ಎಸ್.ಎಂ. ಪಂಡಿತರ ಕ್ಯಾಲೆಂಡರ್ ನೋಡಿ ನೋಡಿ ಮುಖ ಬರಿಯೋದು ಕಲತೀನಿ. ಪಂಡಿತರು ನಮ್ಮ ಗುಲ್ಬರ್ಗಾದಾಗೇ 1916ಕ್ಕ ಹುಟ್ಟಿದವರು, ಅಂದ್ರ ಈ ಅಮೃತಾ ಬಾಯಿಯವರಿಗಿಂತ ಮೂರ ವರ್ಷ ಸಣ್ಣವರು. ಒಂದೇ ಕಾಲದವರು ಅನ್ರಿ.

ಇಬ್ಬರ ಹೆಣ್ಮಕ್ಕಳನ್ನೂ ಬಾಜೂಬಾಜೂ ಇಟ್ಟು ನೋಡ್ರಿ. ಪಂಡಿತರ ರಾಧಾ, ಶಕುಂತಲಾ ಅಂದ್ರ ಮೈಗೆ ಬೆಳಕು ಹತ್ತಿದಂಗ ಇರ್ತಾರ, ಪ್ರೀತಿ ಅಂದ್ರ ಹಬ್ಬ. ಇವರ ಚಿತ್ರದಾಗಿನ ಹೆಣ್ಮಕ್ಕಳು ಕಣ್ಣೆತ್ತಿ ನೋಡೂದೇ ಇಲ್ಲ. ಮದುಮಗಳ ಚಿತ್ರ ಒಂದದ ಅಲ್ರಿ, ಮದಿವಿ ಮನ್ಯಾಗ ಇದ್ದವರ್ಯಾರೂ ನಗಲಾರದಂಗ ಬರದಾರ. ಮೊದಲ ಸಲ ನೋಡಿದಾಗ ನನಗ ತಳಮಳ ಆಯ್ತು. ಖರೇ ಹೇಳ್ಬೇಕಂದ್ರ, ನಾ ಕಂಡ ಮದಿವಿಯೊಳಗ ಹುಡುಗಿ ಮುಖ ಹಂಗೇ ಇರ್ತದ. ಕ್ಯಾಲೆಂಡರದಾಗ ಇರೋ ಹಂಗ ಇರಂಗಿಲ್ಲ. ಪಂಡಿತರ ಮ್ಯಾಲಿನ ನನ್ನ ಭಕ್ತಿ ಕಡಿಮಿ ಆಗಂಗಿಲ್ಲ, ಆದ್ರ ಈ ತಾಯಿ ಬ್ಯಾರೇನೋ ನೋಡ್ಯಾಳ.

ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಅಣ್ಣಾ, ನೀವು ಹೇಳಿದ್ದು 1937ರ ‘ಬ್ರೈಡ್ಸ್ ಟಾಯ್ಲೆಟ್’, ಅಂದರೆ ಮದುಮಗಳ ಸಿಂಗಾರ. ಅದರ ಜೊತೆ ‘ಬ್ರಹ್ಮಚಾರಿಗಳು’ ಮತ್ತು ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರ ಚಿತ್ರ, ಈ ಮೂರನ್ನೂ ಸೇರಿಸಿ ದಕ್ಷಿಣ ಭಾರತದ ತ್ರಿವಳಿ ಅನ್ನುತ್ತಾರೆ. 1936ರ ಕೊನೆಗೆ ಅವರು ಮುಂಬೈ, ಅಜಂತಾ, ಎಲ್ಲೋರಾ ನೋಡಿಕೊಂಡು ಹೈದರಾಬಾದಿಗೆ ಬಂದು, ಅಲ್ಲಿಂದ ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿಗೆ ಹೋದರು. ಅವರು ಹೈದರಾಬಾದಿನಲ್ಲಿದ್ದಾಗ ನಮ್ಮ ಕಲಬುರಗಿ, ಬೀದರ್ ಎರಡೂ ಅದೇ ನಿಜಾಮರ ಸಂಸ್ಥಾನದ ಜಿಲ್ಲೆಗಳು. ಅಜಂತಾದ ಒಂದು ಭಿತ್ತಿಚಿತ್ರ ಇಡೀ ಯುರೋಪಿನ ನವೋದಯಕ್ಕಿಂತ ಬೆಲೆಯುಳ್ಳದ್ದು ಎನ್ನುವಷ್ಟು ಆ ಪ್ರವಾಸ ಅವರನ್ನು ಅಲ್ಲಾಡಿಸಿತು. ಪ್ಯಾರಿಸ್ಸಿನಲ್ಲಿ ಕಲಿತು ಬಂದವರ ಮಾತು ಇದು.

ಒಂದು ವಿಷಯ ಗಮನಿಸಿ. ಆ ತ್ರಿವಳಿ ಬರೆದ 1937ರಲ್ಲೇ, ಫೆಬ್ರುವರಿಯಲ್ಲಿ, ದಿಲ್ಲಿಯಲ್ಲಿ ನೆಹರೂ ಭೇಟಿಯಾಯಿತು. ಆ ವರ್ಷದ ಬಗ್ಗೆ ಬರೆಯುವವರೆಲ್ಲ ಆ ಭೇಟಿಗೆ ಎರಡು ಪುಟ ಕೊಡುತ್ತಾರೆ, ಆಧುನಿಕ ಭಾರತೀಯ ಕಲೆಯ ದಿಕ್ಕು ಬದಲಿಸಿದ ಮೂರು ಚಿತ್ರಗಳಿಗೆ ಎರಡು ಸಾಲು. ನನ್ನ ಸಂಕಟ ಇದೇ.

ಬಸವಕಲ್ಯಾಣದ ಓದುಗ

ನೆಹರೂ ಜೊತೆ ನಿಜಕ್ಕೂ ಏನಿತ್ತು?

ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಭೇಟಿಗಳಿದ್ದವು, ಪತ್ರವ್ಯವಹಾರ ಇತ್ತು. 1940ರಲ್ಲಿ ಗೋರಖಪುರದ ಹತ್ತಿರ ಸರಾಯಾದಲ್ಲಿದ್ದ ಅಮೃತಾ-ವಿಕ್ಟರ್ ಮನೆಗೆ ನೆಹರೂ ಬಂದಿದ್ದರು, ಫೋಟೋಗಳಿವೆ. ಅವರ ಚಿತ್ರವನ್ನು ಮಾತ್ರ ಆಕೆ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳಿದವರಿಗೆ, ಅವರು ತೀರಾ ಚೆಲುವರು ಎಂದರಂತೆ. ಪತ್ರ ಸುಟ್ಟುಹೋದವು. ಉಳಿದದ್ದೆಲ್ಲ ಊಹೆ, ಊಹೆಯ ಮೇಲೆ ನಾನು ಮಾತಾಡಲಾರೆ.

ಬಸವಕಲ್ಯಾಣದ ಓದುಗ

ಸರಿ ಅಕ್ಕಾ. ಶಹಾಪುರದ ಮಾಸ್ತರರಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ಕಲ್ಯಾಣಕ್ಕೆ ಅಕ್ಕಮಹಾದೇವಿ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮರು ಮೊದಲು ಕೇಳಿದ್ದು ಏನು? ನಿನ್ನ ಗಂಡ ಯಾರು ಅಂತ. ಅರಸನನ್ನು ಬಿಟ್ಟು, ಮನೆ ಬಿಟ್ಟು ಬಂದ ಹೆಣ್ಣು ಮೊದಲು ಆ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು, ಆಮೇಲೆ ಅವಳ ಅನುಭಾವದ ಮಾತು. ನಾವು ಇವತ್ತು ಅಕ್ಕನನ್ನು ಪೂಜಿಸುತ್ತೇವೆ. ಎಂಟು ನೂರು ವರ್ಷ ದಾಟಿದ ಮೇಲೂ ಹೆಣ್ಣುಮಗಳು ಏನಾದರೂ ಸಾಧಿಸಿದಳು ಅಂದರೆ ಮೊದಲ ಪ್ರಶ್ನೆ ಅದೇ ಉಳಿದಿದೆ.

ನಿವೃತ್ತ ಮಾಸ್ತರ, ಶಹಾಪುರ

ತಮ್ಮಾ, ಅಕ್ಕನ ಹೆಸರ ಇಲ್ಲಿ ತರಬ್ಯಾಡ. ಆಕಿ ಬಿಟ್ಟಿದ್ದು ಚನ್ನಮಲ್ಲಿಕಾರ್ಜುನನ ಸಲುವಾಗಿ. ವೈರಾಗ್ಯಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ ಹೋಲಿಕಿ?

ಬಸವಕಲ್ಯಾಣದ ಓದುಗ

ಕಾಕಾ, ಇಬ್ಬರೂ ಒಂದೇ ಅನ್ನಲಿಲ್ಲ ನಾನು. ಕೇಳುವವರ ಪ್ರಶ್ನೆ ಒಂದೇ ಅಂದೆ. ವಿಕ್ಟರ್‌ನಂಥ ಗಂಡಸು ಎಷ್ಟು ಜನರನ್ನು ಪ್ರೀತಿಸಿದ, ಆಕೆಯನ್ನು ಪ್ರೀತಿಸಿದ ಪತ್ರಕರ್ತ ಮಗ್ಗರಿಜ್ ಎಷ್ಟು ಜನರನ್ನು ಪ್ರೀತಿಸಿದ ಅಂತ ಯಾರಾದರೂ ಪಟ್ಟಿ ಮಾಡಿದ್ದಾರಾ?

ದೃಶ್ಯಕಲೆ ವಿದ್ಯಾರ್ಥಿನಿ

ಮಗ್ಗರಿಜ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮಾಲ್ಕಮ್ ಮಗ್ಗರಿಜ್ 1935ರಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿದ್ದ ಬ್ರಿಟಿಷ್ ಪತ್ರಕರ್ತ. ಮುಂದೆ ಮದರ್ ತೆರೇಸಾ ಬಗ್ಗೆ ಜಗತ್ತಿಗೆ ತಿಳಿಸಿಕೊಟ್ಟು ಹೆಸರಾದವರು. ಹೆಂಡತಿ-ಮಕ್ಕಳು ಇಂಗ್ಲೆಂಡಿನಲ್ಲಿ. ಶಿಮ್ಲಾದಲ್ಲಿ ಇಬ್ಬರಿಗೂ ಪ್ರೀತಿ ಆಯಿತು, ಆ ವರ್ಷವೇ ಆತ ವಾಪಸ್ ಹೋದ. ಆತನ ಭಾವಚಿತ್ರ ಅಮೃತಾ ಬರೆದಿದ್ದಾರೆ, ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿದೆ. ಆತ ಆಕೆಯ ಬಗ್ಗೆ ತನ್ನ ಆತ್ಮಕಥನದಲ್ಲಿ ಬರೆದುಕೊಂಡ. ಆತನ ಮಾತು ಅಚ್ಚಾಗಿ ಉಳಿಯಿತು, ಆಕೆಯ ಮನೆಯಲ್ಲಿದ್ದ ಪತ್ರಗಳು ಬೂದಿಯಾದವು. ಆ ಸಂಬಂಧದ ಬಗ್ಗೆ ನಮಗೆ ಕೇಳಿಸುವುದು ಹೆಚ್ಚಾಗಿ ಗಂಡಿನ ಧ್ವನಿ.

ಅದೇ 1935ರಲ್ಲಿ ಆಕೆ ‘ಮೂವರು ಹುಡುಗಿಯರು’ ಚಿತ್ರ ಬರೆದರು. ಕೆಂಪು, ಹಸಿರು ಬಟ್ಟೆ, ತಗ್ಗಿಸಿದ ಕಣ್ಣು, ಮೂವರೂ ಯಾರೋ ಬಂದು ತಮ್ಮ ಹಣೆಬರಹ ಹೇಳುವುದನ್ನು ಕಾಯುತ್ತಿರುವಂತೆ ಕೂತಿದ್ದಾರೆ. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಅದಕ್ಕೆ ಚಿನ್ನದ ಪದಕ ಕೊಟ್ಟಿತು. 1936ರಲ್ಲಿ ‘ಬಾಲವಧು’. ತನ್ನ ಇಷ್ಟದಂತೆ ಪ್ರೀತಿಸಿದ ಹೆಣ್ಣು, ಇಷ್ಟ ಏನು ಅಂತ ಯಾರೂ ಕೇಳದ ಹೆಣ್ಣುಮಕ್ಕಳನ್ನೇ ಮತ್ತೆ ಮತ್ತೆ ಬರೆದಿದ್ದಾರೆ. ಪ್ರೇಮಕಥೆ ಹೇಳುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ಹೇಳಲಿ, ನನ್ನ ತಕರಾರಿಲ್ಲ. ನಮ್ಮ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ, ಆ ಮೂವರ ಮುಖ ನನಗೆ ಹೊಸದೇನಲ್ಲ.

ಸರ್ಕಾರಿ ವೈದ್ಯೆ, ಬೀದರ್

ಸಾವಿನ ವಿಷಯಕ್ಕೆ ನಾನು ಸ್ವಲ್ಪ ಬರೆಯಬೇಕು. ಗಂಡ ಕೊಂದ ಎಂಬ ಮಾತನ್ನು ಎಷ್ಟು ಸಲೀಸಾಗಿ ಹಂಚುತ್ತಾರೆಂದರೆ ಓದಿ ಬೇಸರವಾಗುತ್ತದೆ.

ಗೊತ್ತಿರುವುದು ಇಷ್ಟು. 1941ರ ಸೆಪ್ಟೆಂಬರಿನಲ್ಲಿ ದಂಪತಿ ಲಾಹೋರಿಗೆ ಬಂದರು. ಡಿಸೆಂಬರಿನಲ್ಲಿ ಅಮೃತಾರ ಚಿತ್ರಪ್ರದರ್ಶನ ಇತ್ತು. ಅದಕ್ಕೆ ಕೆಲವೇ ದಿನ ಮೊದಲು ಹೊಟ್ಟೆಯ ಕಾಯಿಲೆಯಿಂದ ಹಾಸಿಗೆ ಹಿಡಿದರು. ವಿಕ್ಟರ್ ತಾನೇ ಡಾಕ್ಟರ್, ತಾನೇ ನೋಡಿಕೊಂಡ. ಬೇರೆ ವೈದ್ಯರನ್ನು ಕರೆಸುವ ಹೊತ್ತಿಗೆ ತಡವಾಗಿತ್ತು. ಹೊಟ್ಟೆಯ ಒಳಪೊರೆಗೆ ಸೋಂಕು ಹರಡಿತ್ತು ಎಂಬ ಅಭಿಪ್ರಾಯವಿದೆ. ಗರ್ಭಪಾತ ಕೆಟ್ಟು ಹೀಗಾಯಿತು ಎಂಬ ಅನುಮಾನವೂ ಇದೆ. ಕಾರಣ ಯಾವತ್ತೂ ಖಚಿತವಾಗಲಿಲ್ಲ.

ಆ ಕಾಲವನ್ನು ನೆನೆಯಿರಿ. ಪೆನಿಸಿಲಿನ್‌ ಔಷಧಿಯನ್ನು ಸೋಂಕು ಹರಡಿದ್ದ ರೋಗಿಯೊಬ್ಬನಿಗೆ ಆಕ್ಸ್‌ಫರ್ಡ್‌ನಲ್ಲಿ ಚುಚ್ಚಿ ನೋಡಿದ್ದೇ 1941ರ ಫೆಬ್ರುವರಿಯಲ್ಲಿ. ಮೊದಲು ಚೇತರಿಸಿಕೊಂಡ ಆತನೂ ಔಷಧಿ ಮುಗಿದುಹೋಗಿ ಸತ್ತ. ಅದೇ ವರ್ಷದ ಡಿಸೆಂಬರಿನಲ್ಲಿ ಲಾಹೋರಿನ ಮನೆಯೊಂದರಲ್ಲಿ ಅದು ಸಿಗುವ ಮಾತೇ ಇರಲಿಲ್ಲ. ಹೊಟ್ಟೆಯೊಳಗೆ ಸೋಂಕು ಹರಡಿದರೆ ಆಗ ಯಾವ ಡಾಕ್ಟರ ಕೈಯಲ್ಲೂ ಹೆಚ್ಚೇನೂ ಇರಲಿಲ್ಲ. ಮನೆಯವರಿಗೆ ತಾನೇ ಚಿಕಿತ್ಸೆ ಮಾಡಬಾರದು ಎಂದು ನಾನು ನನ್ನ ಕಿರಿಯರಿಗೆ ಹೇಳುತ್ತೇನೆ, ಆ ಅರ್ಥದಲ್ಲಿ ವಿಕ್ಟರ್ ಮಾಡಿದ್ದು ಸರಿಯಲ್ಲ. ಕೊಲೆ ಎನ್ನಲು ಯಾವ ಆಧಾರವೂ ಇಲ್ಲ.

ತಾಯಿ ಮೇರಿ ಆಂಟೊನೆಟ್ ಮಾತ್ರ ಅಳಿಯನೇ ಕೊಂದ ಎಂದು ದೂರುತ್ತಲೇ ಇದ್ದರು. ಆ ಮದುವೆ ಅವರಿಗೆ ಮೊದಲೇ ಇಷ್ಟವಿರಲಿಲ್ಲ. 1948ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆ ತಾಯಿಯ ಮೇಲೂ ನನಗೆ ಸಿಟ್ಟು ಬರುವುದಿಲ್ಲ.

ಪೇಂಟರ್, ಬ್ರಹ್ಮಪುರ

ಡಾಕ್ಟರಮ್ಮಾ, ಗಂಡ ಆಮ್ಯಾಲ ಏನಾದ?

ಚಿತ್ರಕಲಾ ಶಿಕ್ಷಕಿ, ಕಲಬುರಗಿ

ನಾನು ಹೇಳುತ್ತೇನೆ ಅಣ್ಣಾ, ಇದು ಯಾರೂ ಹೇಳದ ಭಾಗ. ಅಮೃತಾ ತೀರಿಕೊಂಡ ಅದೇ ಹೊತ್ತಿಗೆ ಬ್ರಿಟನ್ ಹಂಗೇರಿಯ ಮೇಲೆ ಯುದ್ಧ ಸಾರಿತು. ವಿಕ್ಟರ್ ಹಂಗೇರಿಯವನಾದ್ದರಿಂದ ಶತ್ರುದೇಶದವನೆಂದು ಹಿಡಿದುಕೊಂಡು ಹೋದರು. ಬಿಡುಗಡೆಯಾದ ಮೇಲೆ ಸರಾಯಾಕ್ಕೆ ಮರಳಿ, ಅಲ್ಲೇ ಡಾಕ್ಟರಾಗಿ, ಮತ್ತೊಂದು ಮದುವೆಯಾಗಿ, ದೀರ್ಘಕಾಲ ಬದುಕಿದ.

ತನ್ನ ಬಳಿಯಿದ್ದ ಅಮೃತಾರ ಚಿತ್ರಗಳನ್ನು ಆತ ದೇಶಕ್ಕೆ ಕೊಟ್ಟುಬಿಟ್ಟ. ತಂದೆ ಉಮ್ರಾವ್ ಸಿಂಗ್ ಕೂಡ ಕೊಟ್ಟರು. 1954ರಲ್ಲಿ ದಿಲ್ಲಿಯ ಜೈಪುರ ಹೌಸ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗ ಅದರ ಬುನಾದಿ ಸಂಗ್ರಹದಲ್ಲಿ ಈ ಚಿತ್ರಗಳು ಇದ್ದವು. ಇವತ್ತು ನೂರಕ್ಕೂ ಹೆಚ್ಚು ಚಿತ್ರಗಳು ಅಲ್ಲಿವೆ. ಪತ್ರ ಸುಟ್ಟ ತಂದೆಯೇ ಚಿತ್ರ ಉಳಿಸಿದರು, ಕೊಲೆಗಾರ ಎನ್ನಿಸಿಕೊಂಡ ಗಂಡನೇ ಚಿತ್ರ ಕೊಟ್ಟ. ಇಬ್ಬರನ್ನೂ ಒಂದೇ ಬಣ್ಣದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ.

ಆ ಕೊಡುಗೆಯ ತೂಕ ತಿಳಿಯಬೇಕಾದರೆ ಬೆಲೆಯನ್ನೂ ನೋಡಿ. 2023ರಲ್ಲಿ ‘ದಿ ಸ್ಟೋರಿ ಟೆಲ್ಲರ್’ ಎಂಬ ಅವರ 1937ರ ಚಿತ್ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ಹರಾಜಾದ ಭಾರತೀಯ ಚಿತ್ರಗಳಲ್ಲಿ ಆವತ್ತಿಗೆ ಅದೇ ಅತಿ ದುಬಾರಿ. 1976ರಿಂದ ಅವರ ಕೃತಿಗಳು ರಾಷ್ಟ್ರೀಯ ಕಲಾಸಂಪತ್ತು, ದೇಶದಲ್ಲಿರುವವನ್ನು ಹೊರಗೆ ಸಾಗಿಸುವಂತಿಲ್ಲ.

ನಿವೃತ್ತ ಮಾಸ್ತರ, ಶಹಾಪುರ

ಇದು ನನಗ ಗೊತ್ತಿದ್ದಿಲ್ರಿ. ಪ್ಯಾರಿಸ್ಸಿನ ಗೆಳತಿ ವಿಷಯ ಒಂದ ಉಳೀತು. ಅದೂ ಹೇಳಿಬಿಡ್ರಿ, ಅರ್ಧಮರ್ಧ ಕೇಳೂದಕಿಂತ ಪೂರಾ ಕೇಳೂದು ಛಲೋ.

ದೃಶ್ಯಕಲೆ ವಿದ್ಯಾರ್ಥಿನಿ

ಮಾಸ್ತರೇ, ಆಕೆ ಮೇರಿ ಲೂಯಿಸ್ ಶಾಸಾನಿ, ಅವಳೂ ಚಿತ್ರಕಾರ್ತಿ, ಇಬ್ಬರೂ ಕೂಡಿ ಇರುತ್ತಿದ್ದರು. ತಾಯಿಗೆ ಅನುಮಾನ ಬಂದು ಕಾಗದದಲ್ಲಿ ನೇರವಾಗಿ ಕೇಳಿದರು. 1934ರಲ್ಲಿ ಅಮೃತಾ ಅಷ್ಟೇ ನೇರವಾಗಿ, ತಮ್ಮಿಬ್ಬರ ನಡುವೆ ಅಂಥದ್ದೇನೂ ಇಲ್ಲವೆಂದು ಉತ್ತರ ಬರೆದರು. ಅದೇ ಕಾಗದದಲ್ಲಿ ಹೆಣ್ಣಿನ ಪ್ರೀತಿಯ ಬಗ್ಗೆ ಹೇಸಿಗೆಯ ಮಾತಿಲ್ಲ. ಇಪ್ಪತ್ತೊಂದು ವರ್ಷದ ಮಗಳು ತಾಯಿಗೆ ಇಂಥ ವಿಷಯವನ್ನು ಬಿಚ್ಚಿ ಬರೆಯುತ್ತಾಳೆ, ತಾಯಿ ಬಿಚ್ಚಿ ಕೇಳುತ್ತಾರೆ. ನಮ್ಮಮ್ಮನ ಹತ್ತಿರ ನಾನು ಅಂಥ ಒಂದು ಸಾಲೂ ಮಾತಾಡಲಾರೆ. ಆ ಮನೆ ಬರೀ ಕೆಟ್ಟ ಮನೆಯೂ ಆಗಿರಲಿಲ್ಲ.

ನಿವೃತ್ತ ಮಾಸ್ತರ, ಶಹಾಪುರ

ಹೌದವ್ವಾ. ಇಷ್ಟು ತಿಳದು ಹೇಳಿದ್ರ ಆ ತಂದಿಗೂ ತಿಳೀತದ. ನಾ ಮೊದಲ ಬರದ ಮಾತಿನೊಳಗ ಒಂದು ಮಾತ್ರ ಬಿಡಂಗಿಲ್ಲ. ಸಣ್ಣ ಹುಡುಗರಿಗೆ, ಎಂಟನೇತ್ತ ಒಂಬತ್ತನೇತ್ತದವರಿಗೆ ಇದು ಬ್ಯಾಡ. ಕಾಲೇಜಿನವರಿಗೆ ಹೇಳ್ರಿ.

ಸರ್ಕಾರಿ ವೈದ್ಯೆ, ಬೀದರ್

ಒಂಬತ್ತನೆಯ ತರಗತಿಯ ಹುಡುಗಿಗೆ ನಿಶ್ಚಿತಾರ್ಥ ಮಾಡುವವರು ನಮ್ಮಲ್ಲಿದ್ದಾರೆ ಸರ್. ‘ಬಾಲವಧು’ ಚಿತ್ರವನ್ನಾದರೂ ಆ ಮಕ್ಕಳು ನೋಡಲಿ.

ದೃಶ್ಯಕಲೆ ವಿದ್ಯಾರ್ಥಿನಿ

ಮೇಡಂ, ನನ್ನ ಸೆಮಿನಾರ್ ಪ್ರಬಂಧಕ್ಕೆ ಈ ಪ್ರೇಮ ಪ್ರಕರಣಗಳನ್ನು ಎಷ್ಟು ಹಾಕಲಿ? ಒಂದು ಅಧ್ಯಾಯ ಮಾಡು ಅಂತ ಒಬ್ಬರು, ಒಂದು ಅಕ್ಷರವೂ ಬೇಡ ಅಂತ ಒಬ್ಬರು.

ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಬೇರೆ ಅಧ್ಯಾಯ ಮಾಡಬೇಡ ತಂಗಿ. ಯಾವ ಚಿತ್ರದ ಜೊತೆ ಯಾವ ವರ್ಷ ಬರುತ್ತದೋ ಅಲ್ಲಿ ಇಡು. ‘ಯಂಗ್ ಗರ್ಲ್ಸ್’ ಪಕ್ಕದಲ್ಲಿ ಯೂಸುಫ್ ಬರಲಿ, ಎರಡು ಮೂರು ವಾಕ್ಯ ಸಾಕು. ಮಗ್ಗರಿಜ್ ಆತನ ಭಾವಚಿತ್ರದ ಜೊತೆ ಬರಲಿ. ಪತ್ರ ಸುಟ್ಟ ವಿಷಯಕ್ಕೆ ಒಂದು ಪುಟ ಕೊಡು, ಅದು ಆಕೆಯ ಬದುಕಿನಲ್ಲಿ ದೊಡ್ಡ ಘಟನೆ. ಮದುವೆಯ ನಂತರದ ಸರಾಯಾ ವರ್ಷಗಳನ್ನು ಅವಸರದಲ್ಲಿ ದಾಟಬೇಡ. ಅಲ್ಲಿ ಆಕೆಗೆ ಬೇಸರ, ಒಂಟಿತನ ಎರಡೂ ಇದ್ದವು. 1940ರ ‘ಚಾರಪಾಯಿ ಮೇಲೆ ಒರಗಿದ ಹೆಣ್ಣು’ ಆ ದಿನಗಳದು: ಕೆಂಪು ಬಟ್ಟೆಯ ಹೆಣ್ಣು ಮಂಚದ ಮೇಲೆ, ಪಕ್ಕದಲ್ಲಿ ಬೀಸಣಿಗೆ ಹಿಡಿದ ಹೆಣ್ಣಾಳು. ಹಿಮಾಲಯದ ಬೆಟ್ಟಸೀಮೆಯ ಪಹಾಡಿ ಮತ್ತು ಮೊಘಲ್ ಚಿಕಣಿ ಚಿತ್ರಗಳಿಂದ ಏನು ಕಲಿತರು ಎಂಬುದೂ ಅಲ್ಲೇ ಕಾಣುತ್ತದೆ. ಆ ಚಿತ್ರಕ್ಕೆ ನಿನ್ನ ಅರ್ಧ ಪ್ರಬಂಧ ಕೊಟ್ಟರೂ ಸರಿಯೇ.

ಬರೆಯುವ ಮೊದಲು ಮೂಲ ಚಿತ್ರ ನೋಡಲು ಆದರೆ ನೋಡು. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯಿಂದಲೇ ದಿಲ್ಲಿಗೆ ಹೋಗುತ್ತದೆ, ಜೈಪುರ ಹೌಸ್ ಇಂಡಿಯಾ ಗೇಟ್ ಪಕ್ಕದಲ್ಲೇ ಇದೆ. ಅಷ್ಟು ದೂರ ಆಗದಿದ್ದರೆ ಗ್ಯಾಲರಿಯ ಸಂಗ್ರಹದ ಚಿತ್ರಗಳು ಅಂತರಜಾಲದಲ್ಲಿ ದೊಡ್ಡದಾಗಿ ಸಿಗುತ್ತವೆ, ಮೊಬೈಲಿನಲ್ಲಿ ಬೇಡ, ಕಂಪ್ಯೂಟರಿನಲ್ಲಿ ತೆಗೆದು ನೋಡು. ಬಣ್ಣದ ಪದರ ಕಾಣಬೇಕು. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕು, ಎಲ್ಲರೂ ಓದೋಣ.

ಪೇಂಟರ್, ಬ್ರಹ್ಮಪುರ

ತಂಗೀ, ಆ ಮದುಮಗಳ ಚಿತ್ರದ ಬಣ್ಣದ ಬಗ್ಗೆ ಬರೀಬೇಕಾದ್ರ ನನಗ ಕೇಳು. ಆ ಕೆಂಪು, ಆ ಮಣ್ಣಿನ ಬಣ್ಣ ಹೆಂಗ ಕಲಸ್ಯಾರ ಅಂತ ನಾ ಹಲಗಿ ಮ್ಯಾಲ ಮಾಡಿ ತೋರಸ್ತೀನಿ.